ಏಳನೇ ಗುಂಡಿಯ ಮಣ್ಣು

ಮಧ್ಯಾಹ್ನ ಮೂರಕ್ಕೇ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಲೋಹಕ್ಕೆ ಹೊಳಪಿನ ಲೇಪ ಕೊಡುತ್ತಿದ್ದ ಹಳೆಯ ಕಾರ್ಖಾನೆಯನ್ನು ಕೆಡವಿಯಾಗಿತ್ತು. ಅಲ್ಲಿ ಮನೆ ಕಟ್ಟುವ ಮೊದಲು ನೆಲಕ್ಕೆ ವಿಷ ಎಷ್ಟು ಇಳಿದಿದೆಯೆಂದು ನೋಡಬೇಕು. ಏಳು ಕಡೆ ಕೊರೆದು, ಏಳು ಡಬ್ಬಿ ಮಣ್ಣು ಪರೀಕ್ಷೆಗೆ ಕಳಿಸಬೇಕು. ಆರು ಮುಗಿದಿದ್ದವು. ಎಲ್ಲರೂ ತಗಡಿನ ಶೆಡ್ಡಿನಲ್ಲಿ ಮುದುರಿ ಕೂತಿದ್ದರು.

"ಆರನೇದರ ಮಣ್ಣೇ ಇನ್ನೊಂದು ಡಬ್ಬಿಗೂ ತುಂಬಿದ್ದೀನಿ. ಏಳು ಅಂತ ಬರಿಯಮ್ಮಾ, ಗಾಡಿ ಬರೋ ಹೊತ್ತಾಯ್ತು," ಎಂದ ಮೇಸ್ತ್ರಿ. "ಮಣ್ಣೇನು ಬಾಯಿಬಿಟ್ಟು ಹೇಳುತ್ತಾ?"

ಡಬ್ಬಿಗಳಿಗೆ ಅಂಟಿಸುವ ಚೀಟಿ ಬರೆಯುವ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಬರೆಯಲಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳಿಗೆ ಅಕ್ಷರ ದುಂಡಗಿದೆಯೆಂಬ ಒಂದೇ ಕಾರಣಕ್ಕೆ ಸಿಕ್ಕ ಕೆಲಸ. ಸೇರಿ ಒಂಬತ್ತು ದಿನ. ಆಗಲ್ಲ ಎಂದರೆ ನಾಳೆ ಬರಬೇಡ ಅನ್ನುತ್ತಾನೆ.

"ಹೇಳುತ್ತೆ ಕಣಯ್ಯಾ," ಅಂತ ಮೂಲೆಯಿಂದ ದನಿ ಬಂತು. ನೆಲ ಕೊರೆಯುವ ಮುದುಕ. ಎಲ್ಲರ ಬಾಯಲ್ಲೂ ಬೋರಜ್ಜ.

"ಶುರುವಾಯ್ತು ಪುರಾಣ," ಎಂದ ಮೇಸ್ತ್ರಿ.

"ಮಳೆ ನಿಲ್ಲೋವರೆಗೆ ನಿನಗೇನು ರಾಜಕಾರ್ಯ? ಕೇಳು... ಇಪ್ಪತ್ತೆರಡು ವರ್ಷದ ಹಿಂದೆ ಇಂಥದ್ದೇ ಜಾಗ, ಇಂಥದ್ದೇ ಮಳೆ, ನಾನೂ ನಮ್ಮ ಅಕ್ಕನ ಗಂಡ ಭಾವನೂ ಇಬ್ರೇ. ಭಾವನಿಗೆ ಅಕ್ಷರ ಬರದು, ಅವನು ಕೊರೀತಿದ್ದ, ನಾನು ಬರೀತಿದ್ದೆ. ಕೊನೇ ಗುಂಡೀಲಿ ಕಾಂಕ್ರೀಟು ಅಡ್ಡ ಬಂತು. ಪಕ್ಕದ ಮಣ್ಣೇ ತುಂಬಿದ್ವಿ... ಯಾರು ನೋಡ್ತಾರೆ? ಅಲ್ಲೇನೂ ಇಲ್ಲ ಅಂತ ವರದಿ ಬಂತು. ಉಳಿದ ಕಡೆಯೆಲ್ಲ ಆಳುದ್ದ ಮಣ್ಣು ತೆಗೆದು ಹೊಸದು ತುಂಬಿದ್ರು, ಅಲ್ಲಿ ಮಾತ್ರ ಮುಟ್ಟಲಿಲ್ಲ. ಸಾಲಾಗಿ ಮನೆ ಎದ್ವು. ಆ ಜಾಗದ ಮನೇನೇ ಹಿಡಿದವನು ಯಾರು ಅಂತೀರಿ? ನಮ್ಮ ಭಾವ! 'ಏನೂ ಇಲ್ವಂತಲ್ಲೋ ಅಲ್ಲಿ?' ಅಂತ ನನ್ನೇ ಕೇಳ್ದ. 'ವರದೀಲಿ ಹಾಗೇ ಅಚ್ಚಾಗಿದೆ ಭಾವ' ಅಂದೆ. ತಾನೇ ತುಂಬಿದ ಸುಳ್ಳು, ನಾನು ಓದಿ ಹೇಳಿದ್ದಕ್ಕೆ ನಿಜ ಅಂದ್ಕೊಂಡ. ಮೂರೇ ವರ್ಷ... ಹೋದ."

ಹುಡುಗಿ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದಳು.

"ಅವತ್ತಿಂದ ಮಳೆ ಬಂದಾಗಲೆಲ್ಲ ನಡುಮನೇಲಿ ಕೊರೆಯೋ ಸದ್ದು. ಬೆಳಿಗ್ಗೆ ನೋಡಿದ್ರೆ ನೆಲದಲ್ಲಿ ಒಂದು ಗೀರೂ ಇಲ್ಲ, ಹೊಸಿಲ ಮೇಲೊಂದು ಡಬ್ಬಿ... ಒಳಗೆ ಹಸಿರುಹಳದಿ ಮಣ್ಣು, ಮೇಲೆ ಖಾಲಿ ಚೀಟಿ. ಅಕ್ಕನ್ನ ಮಗಳ ಮನೆಗೆ ಕಳಿಸಿ ಈಗ ನಾನೇ ಇದ್ದೀನಿ ಅಲ್ಲಿ. ಗುಂಡಿ ನಂಬರು ಬರೀತೀನಿ, ತಾರೀಖು ಬರೀತೀನಿ. ಸಂಜೆಗೆ ಚೀಟಿ ಮತ್ತೆ ಖಾಲಿ! ನನ್ನ ಬರಹ ನಂಬಲ್ಲ ಅವನು."

"ಕತೆ ಕಟ್ಟೋದರಲ್ಲಿ ನಿನ್ನ ಬಿಟ್ರಿಲ್ಲ ಬಿಡಜ್ಜ," ಎಂದು ನಕ್ಕ ಮೇಸ್ತ್ರಿ, ಡಬ್ಬಿಯನ್ನು ಹುಡುಗಿಯ ಮುಂದೆ ತಳ್ಳಿದ. "ಬರಿ."

ಹುಡುಗಿ ಅದನ್ನು ವಾಪಸ್ಸು ತಳ್ಳಿದಳು. "ಏಳನೇದು ಕೊರೆದು ಕೊಡಿ ಅಣ್ಣಾ... ಬರೀತೀನಿ."

"ನಾಳೆಯಿಂದ ಮನೇಲೇ ಕೂತು ಬರಕೋ!" ಎಂದು ಮೇಸ್ತ್ರಿ ಸಿಡುಕಿದ, ಸಿಡುಕುತ್ತಲೇ ಗೋಣಿಯನ್ನು ತಲೆಗೆಳೆದುಕೊಂಡು ಏಳನೇ ಗುಂಡಿಯ ಜಾಗದತ್ತ ಮಳೆಗಿಳಿದ.

ಬೋರಜ್ಜನೂ ಎದ್ದ. ಕೊರೆಯುವ ಕೋಲನ್ನು ಹೆಗಲಿಗೇರಿಸಿ ಅವಳತ್ತ ಬಾಗಿದ.

"ಒಳ್ಳೇದು ಮಾಡಿದೆ ತಾಯಿ. ಇಷ್ಟು ವರ್ಷ ಭಾವ ತುಟಿ ಬಿಚ್ಚಿರಲಿಲ್ಲ... ನಿನ್ನೆ ಮಳೇಲಿ ಮಾತಾಡ್ದ. 'ಬರೆಯೋಕೆ ಹೊಸಬಳು ಬಂದಿದ್ದಾಳಂತೆ, ನಂಬಬಹುದಾ?' ಅಂತ ಕೇಳ್ದ."