ದುರ್ಗಾಳ ಕೈಗುಣ

...ಇಲ್ಲ ದುರ್ಗಾ, ನನಗ ಸಬೂಬು ಹೇಳಬ್ಯಾಡ. ಎಷ್ಟು ಸಲ ಆತು? ನೀ ರಾಯಚೂರಿಂದ ಬಸ್ ಹತ್ತಿ ಬರ್ತಿ, ಟಕಟಕ ಕುಟ್ತಿ, ಸರ್ವರ್ ಶುರು ಆಗ್ತದ. ನೀ ಅತ್ತಾಗ ಹೋಗು, ಇತ್ತಾಗ ಅದು ಮಲ್ಕೊಂತದ! ಮೊಬೈಲ್ ತೆಗದ್ರ ಏನು ಕಾಣಸ್ತದ? ಸರ್ವರ್ ಎರರ್ ಐನೂರು. ಹೊರಗ ನೋಡು, ಭತ್ತದ ಲಾರಿ ಪೋತ್ನಾಳ ಊರ ತನಕ ನಿಂತಾವ. ಗೇಟಿನ ಚೀಟಿ ಬರವಲ್ದು. ಡ್ರೈವರಗೋಳು ನನ್ನ ಮಿಲ್ಲಿನ ಮಾನ ಹರಾಜಿಗೆ ಹಾಕಾಕತ್ತಾರ.

ಯಾಕ ನಗ್ತಿ? ನಕ್ಕಿಲ್ಲಾ? ಮತ್ತ ಆ ತುಟಿ ಯಾಕ ಹಂಗ ಮಾಡಿದಿ?

ಯಾವನೋ ಕಂಪನಿಯವನ ಕಂಪ್ಯೂಟರಿನಾಗ ಬಾಡಗಿಗೆ ಇಡೂದು ಬ್ಯಾಡ, ಸರ್ವರ್ ನಮ್ಮ ಮಿಲ್ಲಿನಾಗೇ ಇರ್ಲಿ ಅಂದಾಕಿ ನೀನ. ನಾ ಹೂಂ ಅಂದೆ. ದೇವರ ಜಗಲಿ ಬಾಜೂಕ ಜಾಗ ಕೊಟ್ಟೆ. ನಮ್ಮ ಯಜಮಾನ್ರು ಇದ್ದಿದ್ರ ಈ ಖೋಲಿಗೆ ನಿನ್ನಂಥಾ... ಹೊರಗಿನವರನ್ನ ಬಿಡ್ತಿದ್ದಿಲ್ಲ. ನಾ ಬಿಟ್ಟೆ. ಈ ಬಸವಂತಮ್ಮನ ಹತ್ರ ಆ ಭೇದ ಇಲ್ಲ ತಂಗಿ. ಶರಣರ ಮನಿ ನಮ್ಮದು. ಮುಟ್ಟೂದು-ಬಿಡೂದು ಎಲ್ಲಾ ಹಿಂದಿನ ಕಾಲದ್ದು.

ಚಾ ಕುಡಿ, ಆರ್ತದ. ಪೇಪರ್ ಗ್ಲಾಸ್ ಯಾಕ ತಿರುವಿ ತಿರುವಿ ನೋಡ್ತಿ? ಸ್ಟೀಲಿನವು ತೊಳಿಯಾಕ ಹಾಕ್ಯಾರ. ನನ್ನ ಕೈಯಾಗಿನ ಈ ಸ್ಟೀಲ್ ಗ್ಲಾಸಾ? ಇದು ನಂದು. ನಾ ಕುಡಿಯೂದು.

ಹಾಂ, ಸಿರವಾರದ ಮಿಲ್ಲಿನವರು ಫೋನ್ ಮಾಡಿದ್ರು. ಅವರೆಲ್ಲಾರ ಮಿಲ್ಲಿಗೂ ನೀನ ಪ್ರೋಗ್ರಾಮ್ ಮಾಡಾಕಿ ಅಂತಲ್ಲ? ಹುಡುಗಿ ಹೆಂಗ ಅಂತ ಕೇಳಿದ್ರು. ಇದ್ದದ್ದು ಹೇಳಿದೆ. ಓದ್ಯಾಳ ಖರೆ, ಕೈಗುಣ ಛಲೋ ಇಲ್ಲ, ಆಕಿ ಹಿಡಿದಿದ್ದು ನೆಟ್ಟಗ ನಡಿಯಂಗಿಲ್ಲ ಅಂದೆ. ಮಾರಿ ಸಣ್ಣದು ಮಾಡಬ್ಯಾಡ. ಸುಳ್ಳು ಹೇಳಲ್ಯಾ? ನಿಮ್ಮವ್ವ ಸೂಗಮ್ಮ ನಿಮ್ಮ ಗೂಗಲ್ ಹಳ್ಳಿ ತುಂಬಾ ಹೇಳ್ಕೊಂಡು ತಿರಗ್ಯಾಳಂತ, ಮಗಳಿಗೆ ಸಿರವಾರದ ಕೆಲಸ ಸಿಕ್ತು ಅಂತ! ಪಾಪ. ಆಕಿ ನಮ್ಮ ಗದ್ದಿಗೆ ನಾಟಿ ಹಚ್ಚಾಕ ಬರ್ತಿದ್ಲು. ಆಕಿ ಹಚ್ಚಿದ್ದಾದ್ರೂ ನಿಲ್ತಿತ್ತು ಬೇ.

ಅದೇನು ಕೆಂಪು ಅಕ್ಷರ? ಲಾಗ್ ಅಂದ್ರ ಮಷೀನಿನ ದಿನಚರಿಯಾ? ಏನಂತದ ಅದು? ಡಿಸ್ಕಿನಾಗ ಬರ್ಯಾಕ ಆಗವಲ್ದು... ಯಾವಾಗಿಂದ? ನೀ ಹೋದ ಬೆನ್ನಿಗೇ. ಅದರ ಹಿಂದಿನ ಸಲ? ಅದೂ ನೀ ಹೋದ ಬೆನ್ನಿಗೇ! ನೋಡಿದಿ? ಮಷೀನ ಹೇಳಾಕತ್ತದ ನಿನ್ನ ಕೈಗುಣ! ನನ್ನ ಮಾತಲ್ಲ.

ಏ, ಸರ್ವರ್ ಡಬ್ಬಿ ಯಾಕ ಬಿಚ್ಚಾಕತ್ತಿ? ತಪ್ಪು ನಿನ್ನ ಪ್ರೋಗ್ರಾಮಿನಾಗ ಅದ, ಡಬ್ಬಿಯಾಗ ಏನದ? ಬ್ಯಾಡ ಅಂದ್ನೆಲ್ಲ! ಸ್ಕ್ರೂ ಹಾಕು... ಬಿಚ್ಚೇಬಿಟ್ಟಿ.

ತುಕ್ಕಾ? ಇರಬೇಕು. ಮಿಲ್ಲಿನಾಗ ಧೂಳು, ತ್ಯಾವ, ಎಲ್ಲಾ ಇರ್ತದ. ಆ ಹಳದಿ ಕಲಿ... ಅರಿಷಿಣ ಅದು. ಸೋಮವಾರ ಪೂಜಿ ಮಾಡ್ತೀವಿ, ಮಷೀನಿಗೆಲ್ಲಾ ತೀರ್ಥ ಚಿಮುಕಸ್ತೀವಿ. ಅಕ್ಕಿ ಮಷೀನಿಗೂ ಹಾಕ್ತೀವಿ, ಅದೇನು ಕೆಟ್ಟದ? ಮ್ಯಾಲಿನ ಜಾಳಗಿಯಾಗಿಂದ ಒಂದೆರಡು ಹನಿ ಒಳಗ ಬಿದ್ದಿರಬೇಕು. ಕರಕಿ ಹುಲ್ಲಿನ ಎಳಿ? ಅದರಲೇ ಚಿಮುಕಸೂದು. ಹಿಂಗ್ಯಾಕ ಎತ್ತಿ ಹಿಡದಿ? ಮೂಸಬ್ಯಾಡ! ತೀರ್ಥ ಹಳೇದಾದ್ರ ಹಂಗ ಗಂಜಲದ ವಾಸನಿ ಬರ್ತದ ತಂಗಿ...

ಖುರ್ಚಿ ಯಾಕ ನೋಡ್ತಿ?

ಹೌದು, ಅಲ್ಲೂ ಕಲಿ ಅದ. ನೀ ಕುಂತ ಖುರ್ಚಿ ಅಂತೇನಿಲ್ಲ. ಉಳಿದ ಖುರ್ಚಿ... ಅವನ್ನ ಒರಸ್ಯಾರ. ಹಂಗ ನೋಡಬ್ಯಾಡ ನನ್ನ!

ಮೊಬೈಲ್ ಯಾಕ ತೆಗದಿ? ಫೋಟೋ ಹೊಡಿಯಾಕತ್ತಿಯಾ? ಸಿರವಾರಕ್ಕ ಕಳಸ್ತಿ? ಏ ದುರ್ಗಾ, ನನ್ನ ಮಗಳಂಗ ನೀನು. ಈಗ ಫೋನ್ ಹಚ್ತೀನಿ ಅವರಿಗೆ. ಹುಡುಗಿ ಬಂಗಾರ, ನಂದೇ ತಪ್ಪು ತಿಳುವಳಿಕಿ ಅಂತೀನಿ. ಆತಿಲ್ಲೋ? ಆ ಫೋಟೋ ಅಳಿಸು. ಅಳಿಸು ನನ್ನವ್ವ... ಎದ್ದಿ ಯಾಕ? ಚೀಲ ಯಾಕ ಹೆಗಲಿಗೆ ಹಾಕ್ದಿ? ಕುಂದ್ರು, ಊಟ ಮಾಡಿ ಹೋಗಂತಿ...

ಏ ಅಮರಮ್ಮಾ! ಅಡಗಿ ಕೆಲಸ ಬಿಟ್ಟು ಬಾ ಅಂತ ನಿನಗ್ಯಾರು ಕರದ್ರು? ಚೆಂಬು ತಗೊಂಡು ಹೋಗು ಒಳಗ! ಆಕಿ ಎದ್ದಕೂಡ್ಲೇ ಬಂದುಬಿಡೂದಾ? ಇನ್ನೂ ಹೋಗಿಲ್ಲಲ್ಲ ಆಕಿ, ಕಣ್ಣು ಕಾಣ್ಸಂಗಿಲ್ಲ?

...ಅದು, ಆ ಚೆಂಬಿನಾಗ... ಗಿಡಕ್ಕ ಹಾಕೂ ನೀರು ದುರ್ಗಾ. ಖರೇನ. ಕರಕಿ ತಾನ ಬಿದ್ದದ. ಯಾಕ ಆಕಿ ಹತ್ರ ಹೊಂಟಿ? ಮೂಸಿ ನೋಡ್ತಿಯಾ? ಕೈ ಯಾಕ ಚಾಚಿದಿ...

ಏ! ಮುಟ್ಟಬ್ಯಾಡ! ಮುಟ್ಟಬ್ಯಾಡ ಬೇ ಅದನ್ನ!