ಪೋಸ್ಟರಿಗೆ ಬೇಕಾದ ತಲೆವಸ್ತ್ರ

ರೊಮೇನಿಯಾದ ಟಿಮಿಷೋವಾರ ನಗರದ ಟ್ರಾಮ್ ನಿಲ್ದಾಣದಲ್ಲಿ, ಜನ ಜಿಪ್ಸಿಗಳೆಂದು ಹೀಗಳೆಯುವ ರೋಮಾ ಸಮುದಾಯದ ತಾಯಿ-ಮಗಳು ಪಕ್ಕಕ್ಕೆ ಬಂದು ಕೂತಾಗ ಒತಿಲಿಯಾ ತನಗೇ ಗೊತ್ತಿಲ್ಲದ ಹಾಗೆ ಕೈಚೀಲವನ್ನು ಎದೆಗವಚಿಕೊಂಡಳು. ತಾಯಿ ನೆರಿಗೆಯ ಹೂವಿನ ಲಂಗ ಉಟ್ಟು, ತಲೆಗೆ ಕೆಂಪು ವಸ್ತ್ರ ಕಟ್ಟಿದ್ದಳು. ಮಗಳು ಜೀನ್ಸ್ ಹಾಕಿದ್ದಳು.

“ವಿಶ್ವವಿದ್ಯಾಲಯದೋರು ಫೋಟೋಗೆ ಕರೆದಿದ್ದಾರಮ್ಮ. ‘ಇಲ್ಲಿ ಎಲ್ಲರಿಗೂ ಜಾಗವಿದೆ’ ಅನ್ನೋ ಪೋಸ್ಟರಿಗೆ.”

“ಒಳ್ಳೇದೇ ಆಯ್ತಲ್ಲೇ ನರ್ಚಿಸಾ.”

“ನಿನ್ನ ಥರ ಲಂಗ ಉಟ್ಕೊಂಡು, ತಲೆಗೆ ವಸ್ತ್ರ ಕಟ್ಕೊಂಡು ಬರಬೇಕಂತೆ.”

“ವಸ್ತ್ರಾನಾ? ಮದುವೆಯಾದೋರು ಕಟ್ಟೋದನ್ನ ನೀನು ಕಟ್ಟೋದಾ? ಗಂಡ ಯಾರಂತೆ? ಅವನನ್ನೂ ಅವರೇ ಹುಡುಕಿಟ್ಟಿದ್ದಾರಾ?”

“ನಾನೂ ಹೇಳಿದೆ. ‘ಪರವಾಗಿಲ್ಲ, ಕಟ್ಕೋ. ಇಲ್ಲದಿದ್ರೆ ನೀನು ರೋಮಾ ಅಂತ ನೋಡೋರಿಗೆ ಗೊತ್ತಾಗಲ್ಲ’ ಅಂದ್ರು.”

“ಅವರ ಮುಖಕ್ಕಿಷ್ಟು ಬೆಂಕಿ ಹಾಕ! ನಮ್ಮೋರು ನೋಡಿದ್ರೆ ನಿಮ್ಮಪ್ಪ ತಲೆ ಎತ್ತಿ ತಿರುಗೋದು ಹೇಗೆ? ನಾನು ಕಟ್ಟಿದ್ದೀನಲ್ಲ, ನನ್ನ ಫೋಟೋನೇ ತೆಗೀಲಿ.”

“ನಿನ್ನನ್ನ ಗೇಟಿನೊಳಗೆ ಬಿಡ್ತಾರಾ? ನನ್ನ ಸೇರಿಸೋಕೆ ಬಂದ ದಿನ ಈ ವಸ್ತ್ರ ನೋಡಿ ಆ ಕಾವಲುಗಾರ ಏನಂದ? ‘ಇಲ್ಲಿ ಭಿಕ್ಷೆ ಬೇಡೋ ಹಾಗಿಲ್ಲ’ ಅನ್ನಲಿಲ್ವಾ?”

ಟ್ರಾಮ್ ಬಂದಾಗ ತಾಯಿ ಎದ್ದು, ತಲೆವಸ್ತ್ರದ ಗಂಟನ್ನು ಬಿಗಿಯಾಗಿ ಎಳೆದುಕೊಂಡಳು.

“ನಡಿ, ನಾನೂ ಬರ್ತೀನಿ. ಇವತ್ತೂ ತಡೆದ್ರೆ ಆ ಪೋಸ್ಟರಿನ ಮಾತನ್ನ ಅವನಿಗೇ ಓದಿ ಹೇಳು. ಗಟ್ಟಿಯಾಗಿ ಓದು, ಒಳಗಿರೋರಿಗೂ ಕೇಳಿಸಲಿ.”

ಟ್ರಾಮ್ ಹೊರಟುಹೋಯಿತು. ಈಗ ಬೆಂಚಿನ ಮೇಲೆ ಒತಿಲಿಯಾ ಒಬ್ಬಳೇ. ಆದರೂ ಕೈಚೀಲವನ್ನು ಎದೆಗವಚಿಕೊಂಡೇ ಕೂತಿದ್ದಳು.