ಬಹಾದ್ದೂರನ ಹೆಸರು

ಮುಂಡಗೋಡದ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದ ಅನ್ನಪೂರ್ಣಾಳ ಪಕ್ಕದಲ್ಲಿ ಸಿದ್ದಕ್ಕ ಕೂತಿದ್ದಳು. ಟಿಬೆಟಿಯನ್ ಕ್ಯಾಂಪಿನ ಮಠದಲ್ಲಿ ಅಡುಗೆ ಮಾಡುತ್ತೇನೆಂದು ಆಗಲೇ ಹೇಳಿಕೊಂಡಿದ್ದಳು. ತೊಡೆಯ ಮೇಲೆ ಮೊಮ್ಮಗಳು ಕೆಮ್ಮುತ್ತಿದ್ದಳು. ಟಿಬಿ ವಿಭಾಗದ ಮಹಾಬಳೇಶ್ವರ ಬಂದು ಎದುರು ನಿಂತ.

“ಸಿದ್ದಕ್ಕ, ದೀಪಾವಳಿ ಮುಂದ ನಾ ಮಠಕ್ಕ ಬಂದಿದ್ನಲ್ಲ? ದಿಲ್‌ಕುಮಾರನ ಕೂಡ ಅಡಿಗಿ ಮನ್ಯಾಗ ಯಾರ್‍ಯಾರು ಇದ್ರಿ ಅಂತ ಕೇಳಿದ್ದೆ.”

“ಆ ಹೆಸರಿನಾಂವ ಯಾರೂ ಇಲ್ರೀ ಅಂದಿದ್ವಿ.”

“ಊರಿಗೆ ಹೋದ ಮ್ಯಾಲೆ ಅಂವಗ ಗುಳಿಗಿಗೆ ಬಗ್ಗದ ಟಿಬಿ ಐತಿ ಅಂತ ನೇಪಾಳದವರು ತಿಳಿಸಿದ್ರು. ಅದಕ್ಕ ಬಂದಿದ್ದೆ.”

“ನಮ್ಮ ಕೂಡ ಇದ್ದಾಂವ ಬಹಾದ್ದೂರರೀ.”

“ಅಂವನೇ ದಿಲ್‌ಕುಮಾರ.”

ಅನ್ನಪೂರ್ಣಾ ತನಗೇ ಅರಿವಿಲ್ಲದೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ನೇಪಾಳಿ ಮಂದಿನ್ನೆಲ್ಲಾ ನಾವು ಬಹಾದ್ದೂರ ಅಂತನ ಕರಿಯೂದ್ರಿ,” ಎಂದಳು ಸಿದ್ದಕ್ಕ. “ಅಂವನೂ ಓ ಅಂತಿದ್ದ. ಈಕಿನ್ನ ಬಗಲಾಗ ಎತ್ಕೊಂಡ ಒಲಿ ಮುಂದ ನಿಂದರ್ತಿದ್ದ. ಕೆಮ್ಮಿದ್ರ, ಬೀಡಿ ಬಿಡೋ ಬಹಾದ್ದೂರ ಅಂತ ನಗತಿದ್ವಿ.”

“ಈಕಿ ರಿಪೋರ್ಟ್ ಬಂತು. ಈಕಿದೂ ಅಂಥಾದ್ದ ಟಿಬಿ ಐತಿ. ಈಕಿಗೆಲ್ಲಿಂದ ಬಂತು ಅಂತ ನಿನ್ನೆ ಮತ್ತ ನೇಪಾಳಕ್ಕ ಫೋನ್ ಹಚ್ಚಿ ನಿನ್ನ ಕೂಡ ಯಾರ್‍ಯಾರು ಇದ್ರು ಅಂತ ಅಂವನ್ನ ಕೇಳ್ಸಿದ್ವಿ. ಮೊದಲ ಈಕಿ ಹೆಸರ ಹೇಳಿದ.”

“ಅಂವಗ ಈಕಿ ಹೆಸರು ನೆನಪೈತೇನ್ರಿ?”

“ನಿಮ್ಮದೂ ನೆನಪೈತಿ.”

ಸಿದ್ದಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ತಡ ಆತೇನ್ರಿ, ಸಾಹೇಬ್ರ?”

“ಒಳಗ ನಡೀರಿ. ಡಾಕ್ಟ್ರು ಕರಿಯಾಕತ್ತಾರ.”